ಊದಿನಕಡ್ಡಿಯ ಹೊಗೆ, ಭುಜದ ಮೇಲಿನ ನಕ್ಷತ್ರ

ರಾಜಸ್ಥಾನದ ಮಂಡಾವಾ. ಅಲ್ಲೊಂದು ಪೊಲೀಸ್ ಠಾಣೆ. ಭುಜದ ಮೇಲೆ ಎರಡು ನಕ್ಷತ್ರ ಇರುವ ಸಬ್ ಇನ್ಸ್‌ಪೆಕ್ಟರ್ ಒಬ್ಬಳು ಠಾಣೆಯೊಳಗೆ ನಡೆದು ಹೋಗುತ್ತಾಳೆ. ಅವಳು ಹಾದುಹೋಗುತ್ತಿದ್ದಂತೆ ಅಲ್ಲೇ ಕೂತಿದ್ದ ಪೇದೆಯೊಬ್ಬ ಊದಿನಕಡ್ಡಿ ಹಚ್ಚುತ್ತಾನೆ. ಬೈಯುವುದಿಲ್ಲ. ಬಾಯಿಯೇ ಬಿಡುವುದಿಲ್ಲ. ಕಡ್ಡಿ ಗೀರುತ್ತಾನೆ, ಹಚ್ಚುತ್ತಾನೆ, ಅಷ್ಟೆ. ಅವಳು ನಡೆದ ದಾರಿ ಮೈಲಿಗೆಯಾಗಿದೆ, ಗಾಳಿ ಶುದ್ಧವಾಗಬೇಕು.

'ದಹಾಡ್' ಎಂಬ ಹಿಂದಿ ಧಾರಾವಾಹಿಯಲ್ಲಿ ಬರುವ ಸಣ್ಣ ವಿವರ ಇದು. ಎಂಟು ಕಂತುಗಳ ಈ ಪೊಲೀಸ್ ಕಥೆ 2023ರ ಮೇ ತಿಂಗಳಲ್ಲಿ ಅಮೆಜಾನ್ ಪ್ರೈಮಿನಲ್ಲಿ ಬಂತು. ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವಕ್ಕೆ ಹೋಗಿ ಬಂದಿತ್ತು. ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಇದನ್ನು ಕಟ್ಟಿದವರು. ಸಬ್ ಇನ್ಸ್‌ಪೆಕ್ಟರ್ ಅಂಜಲಿ ಭಾಟಿಯ ಪಾತ್ರ ಶತ್ರುಘ್ನ ಸಿನ್ಹಾ ಅವರ ಮಗಳು ಸೋನಾಕ್ಷಿಯದು. ನಾವು ಇದನ್ನು ನೋಡಿದ್ದು ಹಾಸ್ಟೆಲಿನಲ್ಲಿ, ಐದು ಜನ ಒಂದೇ ಮೊಬೈಲಿಗೆ ತಲೆ ಕೊಟ್ಟುಕೊಂಡು. ರೀಚಾರ್ಜ್ ಒಬ್ಬನದು, ಲಾಗಿನ್ ಇನ್ನೊಬ್ಬನ ಭಾವನದು. ಊದಿನಕಡ್ಡಿ ಕಂಡ ಕೂಡಲೇ ಯಾರೂ ಮಾತಾಡಲಿಲ್ಲ. ಒಬ್ಬ ಮಾತ್ರ "ನಿಲ್ಸು, ಮತ್ತೆ ಹಾಕು" ಅಂದ. ಮತ್ತೆ ಹಾಕಿದೆವು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಊದಿನಕಡ್ಡಿ ಹೊಸೆಯುವವರು ಯಾರು? ನಮ್ಮ ಕಡೆ ಬೆಂಗಳೂರು ಮೈಸೂರಿನ ಗಲ್ಲಿಗಳಲ್ಲಿ ಮನೆ ಮುಂದೆ ಮಣೆ ಹಾಕಿಕೊಂಡು ಸಾವಿರದ ಲೆಕ್ಕದಲ್ಲಿ ಕೂಲಿಗೆ ಹೊಸೆಯುವವರು ಬಡವರ ಮನೆಯ ಹೆಣ್ಣುಮಕ್ಕಳು. ಅಂಗೈಯೆಲ್ಲಾ ಕಪ್ಪು. ಆ ಕೈಯಿಂದ ಬಂದ ಕಡ್ಡಿ ದೇವರ ಮುಂದೆ ಉರಿಯಬಹುದು, ಅಂಥದೇ ಕೈಯವಳು ನಡೆದುಹೋದರೆ ಮೈಲಿಗೆ ಕಳೆಯಲೂ ಉರಿಯಬಹುದು! ಧಾರಾವಾಹಿ ಮಾಡಿದವರಿಗೆ ಇದು ಹೊಳೆಯಿತೋ ಇಲ್ಲವೋ, ನಮಗೆ ಮೊದಲು ಹೊಳೆದದ್ದು ಇದೇ.

ಈಗ ವಿಷಯಕ್ಕೆ ಬರೋಣ. ಪೊಲೀಸ್ ಧಾರಾವಾಹಿಗಳಿಗೆ ಒಂದು ಮಾಮೂಲಿ ಎರಕ ಇದೆ. ಇಲಾಖೆಯಲ್ಲಿ ಬೆಲೆ ಸಿಗದ ಒಬ್ಬ ಅಧಿಕಾರಿ ಇರಬೇಕು. ಯಾರಿಗೂ ಬೇಡವಾದ ಒಂದು ಕೇಸು ಅವನ ಅಥವಾ ಅವಳ ಕೈಗೆ ಬೀಳಬೇಕು. ಕೇಸು ಬಗೆಹರಿಯುತ್ತಾ ಹೋದಂತೆ ಮೇಲಿನವರು ಬೆನ್ನು ತಟ್ಟಬೇಕು, ಮನೆಯ ಜಗಳ ಹದಕ್ಕೆ ಬರಬೇಕು, ಕೊನೆಗೆ ಆ ಮನುಷ್ಯ ತನ್ನನ್ನು ತಾನು ಕಂಡುಕೊಳ್ಳಬೇಕು. ವೃತ್ತಿಯಲ್ಲಿ ಮನ್ನಣೆ, ವ್ಯಕ್ತಿತ್ವದಲ್ಲಿ ಬೆಳವಣಿಗೆ. ಎರಡೂ ಒಂದೇ ಜೋಡಿ ಎತ್ತಿನ ಹಾಗೆ ಒಟ್ಟಿಗೆ ನಡೆಯುತ್ತವೆ ಎಂದು ಈ ಕಥೆಗಳು ನಂಬಿವೆ. ನಮ್ಮ ತಕರಾರು ಇರುವುದು ಈ ನಂಬಿಕೆಯ ಮೇಲೆ. ಮನ್ನಣೆ ಕೊಡುವವನು ಯಾರು, ಬೆಳೆಯಬೇಕಾದವನು ಯಾರು ಎಂಬುದನ್ನು ಕೇಳದೆ ಈ ಎತ್ತುಗಳನ್ನು ನೊಗಕ್ಕೆ ಕಟ್ಟುವುದು ಮೋಸ.

1989ರಲ್ಲಿ ದೂರದರ್ಶನದಲ್ಲಿ 'ಉಡಾನ್' ಬಂದಿತ್ತು. ನಾವು ಹುಟ್ಟುವ ಮೊದಲಿನದು. ಹಿರಿಯರ ಬಾಯಿಂದ ಕೇಳಿ ಆಮೇಲೆ ಹುಡುಕಿ ನೋಡಿದ್ದು. ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ಕಲ್ಯಾಣಿ ಸಿಂಗ್ ಎಂಬ ಐ.ಪಿ.ಎಸ್. ಅಧಿಕಾರಿಯಾಗಿ ನಟಿಸಿದರು. ಅದಕ್ಕೆ ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ ಅವರ ಬದುಕೇ ಆಧಾರ; ಆ ಅಕ್ಕ 2004ರಲ್ಲಿ ಉತ್ತರಾಖಂಡದ ಡಿ.ಜಿ.ಪಿ. ಆಗಿ, ದೇಶದಲ್ಲಿ ಒಂದು ರಾಜ್ಯದ ಪೊಲೀಸಿಗೆ ಮುಖ್ಯಸ್ಥೆಯಾದ ಮೊದಲ ಹೆಂಗಸು ಎನಿಸಿಕೊಂಡರು. ಆ ಧಾರಾವಾಹಿ ನೋಡಿ ಎಷ್ಟೋ ಹೆಣ್ಣುಮಕ್ಕಳು ಖಾಕಿಯ ಕನಸು ಕಂಡರು. ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಕಲ್ಯಾಣಿ ಹಾರಿದ್ದು ಹೆಣ್ಣು ಎಂಬ ಒಂದು ಬೇಲಿ. ಆಚೆ ಬಿದ್ದ ಮೇಲೆ ಅವಳಿಗೆ ನೆಲ ಸಿಕ್ಕಿತು. ಅಂಜಲಿಗೆ ಎರಡು ಬೇಲಿ. ಎರಡನೆಯದು ಠಾಣೆಯ ಒಳಗೇ ಇದೆ, ದಿನಾ ಬೆಳಿಗ್ಗೆ ಹೊಗೆಯಾಡುತ್ತದೆ.

ಅದೇ 1989ರಲ್ಲಿ ಪಾರ್ಲಿಮೆಂಟು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನೂ ಮಾಡಿತು. ಆ ಕಾಯ್ದೆಯನ್ನು ಕೈಯಲ್ಲಿ ಹಿಡಿದು ಊದಿನಕಡ್ಡಿಯ ಮುಂದೆ ನಿಂತು ನೋಡಿ. ಜಾತಿ ಹೆಸರು ಹಿಡಿದು ಬೈದರೆ ಕೇಸು ಆಗುತ್ತದೆ, ಅದೂ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೈದಿರಬೇಕು. ಈ ಪೇದೆ ಬೈದೇ ಇಲ್ಲವಲ್ಲ. "ದೇವರಿಗೆ ಹಚ್ಚಿದೆ ಮೇಡಂ" ಅಂದರೆ ಮುಗಿಯಿತು. ಇನ್ನೂ ಒಂದಿದೆ: 1995ರ ನಿಯಮಗಳ ಪ್ರಕಾರ ಈ ಕಾಯ್ದೆಯ ಕೇಸನ್ನು ಡಿ.ವೈ.ಎಸ್.ಪಿ. ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ನಿಯಮ ಒಳ್ಳೆಯದೇ, ಠಾಣೆಯ ಮಟ್ಟದಲ್ಲಿ ಕೇಸು ಮುಚ್ಚಿಹಾಕಬಾರದು ಎಂದು ಮಾಡಿದ್ದು. ಆದರೆ ಅಂಜಲಿಯ ಜಾಗದಲ್ಲಿ ನಿಂತು ಯೋಚಿಸಿ. ಎರಡು ನಕ್ಷತ್ರದವಳು ಕೊಲೆಗಾರನ ಹಿಂದೆ ಬೀಳಬಹುದು, ತನ್ನ ಮೈಗೆ ತಾಗಿದ ಅವಮಾನದ ವಿಚಾರಕ್ಕೆ ಮಾತ್ರ ಮೇಲಿನವರ ಬಾಗಿಲಲ್ಲಿ ದೂರುದಾರಳಾಗಿ ನಿಲ್ಲಬೇಕು. ಹೀಗಾಗಿಯೇ ಅವಳು ಅದನ್ನು ಕಂಡೂ ಕಾಣದಂತೆ ನಡೆಯುತ್ತಾಳೆ. ಹಾಗೆ ನಡೆಯುವುದು ಎಷ್ಟು ಕಷ್ಟ ಎಂಬುದು ಲೋಟ ಬೇರೆ ಇಟ್ಟ ಹೋಟೆಲಿನ ಮುಂದೆ ನಡೆದವರಿಗೆ ಗೊತ್ತು.

ಕಥೆ ಇಷ್ಟು. ಊರೂರಿನ ಸಾರ್ವಜನಿಕ ಶೌಚಾಲಯಗಳಲ್ಲಿ ಮದುವಣಗಿತ್ತಿಯ ಬಟ್ಟೆಯಲ್ಲಿ ಹೆಣ್ಣುಮಕ್ಕಳ ಹೆಣ ಸಿಗುತ್ತವೆ. ಒಳಗಿಂದ ಚಿಲಕ, ಸೈನೈಡ್ ಸಾವು. ಪ್ರತಿ ಠಾಣೆಯೂ ಆತ್ಮಹತ್ಯೆ ಎಂದು ಬರೆದುಕೊಂಡು ಕಡತ ಕಟ್ಟಿಟ್ಟಿದೆ. ಇಪ್ಪತ್ತಕ್ಕೂ ಹೆಚ್ಚು ಹೆಣ. ಎಲ್ಲರೂ ಬಡವರು, ಕೆಳಜಾತಿಯವರು, ವರದಕ್ಷಿಣೆಗೆ ದುಡ್ಡಿಲ್ಲದೆ ಮದುವೆ ತಡವಾದವರು. ಮನೆಯವರಾದರೂ ಓಡಿಹೋದ ಮಗಳಿಗೆ ದೂರು ಯಾಕೆ ಎಂದು ಸುಮ್ಮನಾದವರು. ಕೃಷ್ಣಾ ಎಂಬ ಹುಡುಗಿಯ ಅಣ್ಣ ಠಾಣೆಗೆ ಅಲೆದು ಅಲೆದು ಸೋಲುತ್ತಾನೆ. ಅದೇ ಹೊತ್ತಿಗೆ ಠಾಕೂರರ ಮನೆಯ ಹುಡುಗಿ ಮುಸ್ಲಿಂ ಹುಡುಗನ ಜೊತೆ ಹೋದಳೆಂದು ಊರಿಗೆ ಊರೇ ಎದ್ದು ಕೂತಿರುತ್ತದೆ. ಅದನ್ನು ಕಂಡ ಈ ಅಣ್ಣ ತನ್ನ ತಂಗಿಯೂ ಮುಸ್ಲಿಮನ ಜೊತೆ ಹೋದಳು ಎಂದು ಸುಳ್ಳು ಹೇಳುತ್ತಾನೆ. ಆಗ ನೋಡಿ, ಎಲ್ಲರಿಗೂ ಕಿವಿ ಬರುತ್ತದೆ! ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ನಿಜವಾದ ಭಾಗ ಇಲ್ಲ. ಬಡವನ ನೋವಿಗೆ ಅದರದೇ ಬೆಲೆ ಇಲ್ಲ, ಇನ್ನೊಬ್ಬನ ಮೇಲಿನ ದ್ವೇಷಕ್ಕೆ ತಗಲಿ ಹಾಕಿದರೆ ಮಾತ್ರ ಅದು ಸುದ್ದಿ.

ಕರ್ನಾಟಕದವರಿಗೆ ಈ ಕಥೆ ಪೂರ್ತಿ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದ ಮೋಹನ್ ಕುಮಾರ್, ಪತ್ರಿಕೆಗಳು 'ಸೈನೈಡ್ ಮೋಹನ್' ಎಂದು ಕರೆದವನು, 2009ರಲ್ಲಿ ಸಿಕ್ಕಿಬಿದ್ದ. ಮದುವೆಯ ಆಸೆ ತೋರಿಸಿ, ಗರ್ಭ ನಿಲ್ಲದ ಮಾತ್ರೆ ಎಂದು ಸೈನೈಡ್ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹೆಣ್ಣುಮಕ್ಕಳನ್ನು ಕೊಂದ ಪ್ರಕರಣಗಳು 20. 'ದಹಾಡ್' ಇದರಿಂದಲೇ ಎತ್ತಿದ್ದು ಎಂದು ನಾವು ಸಾಧಿಸಲು ಹೋಗುವುದಿಲ್ಲ. ಹೋಲಿಕೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಅಲ್ಲೂ ಹೆಣಗಳು ಬೇರೆ ಬೇರೆ ಊರಿನಲ್ಲಿ ಬಿದ್ದವು. ವರ್ಷಗಟ್ಟಲೆ ಯಾರೂ ಒಂದಕ್ಕೊಂದು ದಾರ ಕಟ್ಟಿ ನೋಡಲಿಲ್ಲ.

ಧಾರಾವಾಹಿಯ ಕೊಲೆಗಾರ ಆನಂದ ಸ್ವರ್ಣಕಾರ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹಿಂದಿ ಸಾಹಿತ್ಯ ಹೇಳುವ ಮೇಷ್ಟ್ರು. ವಿಜಯ್ ವರ್ಮಾ ಅವನನ್ನು ಗದ್ದಲವಿಲ್ಲದೆ, ತಣ್ಣಗೆ ಆಡಿದ್ದಾನೆ. ಊರಿನ ಕಣ್ಣಿಗೆ ಅವನು ಮೃದು ಮಾತಿನ ಸಭ್ಯ. ಗಮನಿಸಿ: ಅವನಿಗೆ ಮನ್ನಣೆ ಪುಕ್ಕಟೆಯಾಗಿ ಸಿಕ್ಕಿದೆ. ಅವನು ಅದಕ್ಕೆ ಏನೂ ಮಾಡಬೇಕಿಲ್ಲ, ಒಳ್ಳೆಯ ಮನೆತನ ಸಾಕು, ಇಸ್ತ್ರಿ ಮಾಡಿದ ಅಂಗಿ ಸಾಕು. ಅವನ ಮೇಲೆ ಅನುಮಾನ ಬರಬೇಕಾದರೆ ರಾಶಿ ಸಾಕ್ಷಿ ಬೇಕು. ಅಂಜಲಿಯ ಮೇಲೆ ನಂಬಿಕೆ ಬರಬೇಕಾದರೂ ರಾಶಿ ಸಾಕ್ಷಿ ಬೇಕು. ಸಮಾಜದ ಈ ತಕ್ಕಡಿಯನ್ನು ಧಾರಾವಾಹಿ ಚೆನ್ನಾಗಿ ಹಿಡಿದು ತೋರಿಸಿದೆ. ಸಾಹಿತ್ಯದ ಮೇಷ್ಟ್ರುಗಳ ಮೇಲೆ ನಮಗೆ ದ್ವೇಷವೇನಿಲ್ಲ. ಈ ಪತ್ರಿಕೆ ಓದುವವರಲ್ಲಿ ಅರ್ಧ ಜನ ಅವರೇ.

ನಮ್ಮ ಭಾಷೆಯಲ್ಲಿ 'ಗುರುತು' ಎಂಬ ಮಾತಿದೆ. ಹೆಣದ ಗುರುತು ಹಿಡಿಯುವುದೂ ಗುರುತೇ, ಪ್ರತಿಭೆಯನ್ನು ಗುರುತಿಸುವುದೂ ಗುರುತೇ, ಹಣೆಯ ಮೇಲೆ ಬರೆದ ಜಾತಿಯ ಗುರುತೂ ಗುರುತೇ. ಅಂಜಲಿಯ ಕಥೆ ಈ ಮೂರೂ ಅರ್ಥಗಳ ನಡುವೆ ಓಡಾಡುತ್ತದೆ. ಯಾರೂ ಗುರುತಿಸದ ಹೆಣಗಳನ್ನು ಅವಳು ಗುರುತಿಸುತ್ತಾಳೆ. ಹೇಗೆ? ತರಬೇತಿ ಶಾಲೆಯಲ್ಲಿ ಹೇಳಿಕೊಟ್ಟ ವಿದ್ಯೆಯಿಂದ ಮಾತ್ರ ಅಲ್ಲ. ಅವಳ ಮನೆಯಲ್ಲೂ ತಾಯಿ ದಿನಾ ಗಂಡಿನ ಫೋಟೋ ಹಿಡಿದು ಕೂರುತ್ತಾಳೆ. ಮದುವೆಯಾಗದ ಮಗಳು ಮನೆಗೆ ಎಷ್ಟು ಭಾರ ಎಂಬ ಮಾತು ಅವಳಿಗೆ ಗೊತ್ತು. ಒಂದು ಜಾತಿಯ ಹೆಣ್ಣು ಕಾಣೆಯಾದರೆ ಊರು ಹೇಗೆ ಉಗುಳು ನುಂಗಿ ಸುಮ್ಮನಾಗುತ್ತದೆ ಎಂಬುದೂ ಗೊತ್ತು. ಅಂದರೆ ಅವಳನ್ನು ಒಳ್ಳೆಯ ಪೊಲೀಸ್ ಮಾಡಿದ್ದು ಅವಳು ಮುಚ್ಚಿಟ್ಟುಕೊಂಡು ಬಂದ ಬದುಕೇ. ಇಲಾಖೆ ಮೆಚ್ಚಿದ್ದು ಅವಳ ಚುರುಕು, ಅವಳ ಧೈರ್ಯ. ಆ ಚುರುಕು ಯಾವ ಕೇರಿಯಿಂದ ಬಂತು ಎಂದು ಇಲಾಖೆ ಕೇಳುವುದಿಲ್ಲ. ಕೇಳಿದ್ದರೆ ಊದಿನಕಡ್ಡಿಯ ಪೆಟ್ಟಿಗೆಯನ್ನೂ ಕೇಳಬೇಕಾಗುತ್ತಿತ್ತು.

ಮುಚ್ಚಿಟ್ಟದ್ದು ಎಂದೆವು. ಅಂಜಲಿಯ ಮನೆಯ ನಿಜವಾದ ಹೆಸರು ಮೇಘವಾಲ್. ರಾಜಸ್ಥಾನದಲ್ಲಿ ಮೇಘವಾಲರು ಪರಿಶಿಷ್ಟ ಜಾತಿ. ನೇಯ್ಗೆ, ಚರ್ಮದ ಕೆಲಸ ಮಾಡಿಕೊಂಡು ಬಂದ ಜನ. ಭಾಟಿ ಎಂಬುದು ರಜಪೂತರ ಒಂದು ಕುಲದ ಹೆಸರು, ಜೈಸಲ್ಮೇರನ್ನು ಆಳಿದವರದು. ಮಗಳು ತಲೆ ಎತ್ತಿ ನಡೆಯಲಿ ಎಂದು ಅಪ್ಪನೇ ಹೆಸರು ಬದಲಾಯಿಸಿದ. ಆ ಅಪ್ಪನನ್ನು ಹೇಡಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಮಳೆ ಹೊಡೆಯುವಾಗ ಮಗಳ ತಲೆಗೆ ಸಿಕ್ಕಿದ ಗೋಣಿಚೀಲ ಹೊದಿಸಿದವನು ಅವನು. ನಮ್ಮಲ್ಲಿ ಅಡ್ಡಹೆಸರಿನ ಕಾಟ ಕಡಿಮೆ, ಇನಿಷಿಯಲ್ಲಿನ ಹಿಂದೆ ಬಚ್ಚಿಟ್ಟುಕೊಳ್ಳಬಹುದು ಅಂತೀರಾ? ಬಾಡಿಗೆ ರೂಮು ಹುಡುಕಲು ಹೋಗಿ. ಮೊದಲು ಹೆಸರು ಕೇಳ್ತಾರೆ. ಆಮೇಲೆ ಊರು ಕೇಳ್ತಾರೆ. ಆಮೇಲೆ "ಊರಲ್ಲಿ ಯಾವ ಕಡೆ?" ಅಂತಾರೆ. ಆ ಮೂರನೇ ಪ್ರಶ್ನೆಗೆ ನಾವು ಪದವಿ ಪತ್ರ ತೋರಿಸಿದರೂ ಪ್ರಯೋಜನವಿಲ್ಲ. ಮನೆಗೆ ಮೊದಲ ಪದವೀಧರರಾದ ನಮಗೆ ಇದು ಪುಸ್ತಕದಿಂದ ಕಲಿತ ಪಾಠವಲ್ಲ. ಮಂಡಾವಾದಲ್ಲೂ ಅಷ್ಟೇ: ಹೆಸರು ಭಾಟಿ ಆದರೂ ಪೇದೆಗೆ ಜಾತಿ ಗೊತ್ತು. ಗೋಣಿಚೀಲ ನೆನೆದಿದೆ.

ಒಂದು ದೃಶ್ಯದಲ್ಲಿ ಅಂಜಲಿ ಸ್ವರ್ಣಕಾರರ ಮನೆ ಶೋಧಿಸಲು ಹೋಗುತ್ತಾಳೆ. ಕೊಲೆಗಾರನ ಅಪ್ಪ ಹೊಸ್ತಿಲಲ್ಲಿ ಅಡ್ಡ ನಿಲ್ಲುತ್ತಾನೆ, ನಿನ್ನ ಜಾತಿಯವರಿಗೆ ಒಳಗೆ ಪ್ರವೇಶ ಇಲ್ಲ ಎನ್ನುತ್ತಾನೆ. ಅವಳು ಕಾನೂನು ನೆನಪಿಸಿ ಒಳಗೆ ಹೋಗುತ್ತಾಳೆ. ನಮ್ಮ ರೂಮಿನಲ್ಲಿ ಶಿಳ್ಳೆ ಬಿತ್ತು. ನಾವೂ ಹೊಡೆದೆವು, ಸುಳ್ಳು ಯಾಕೆ ಹೇಳೋಣ. ಸಂವಿಧಾನದ 17ನೇ ವಿಧಿಗೆ ಕಾಲು ಬಂದು ಹೊಸ್ತಿಲು ದಾಟಿದ ಹಾಗಿತ್ತು. ಶಿಳ್ಳೆಯ ಸದ್ದು ಇಳಿದ ಮೇಲೆ ಒಂದು ಸಂಶಯ ಉಳಿಯಿತು. ಅವಳು ದಾಟಿದ್ದು ವಾರಂಟಿನ ಬಲದಿಂದ, ಖಾಕಿಯ ಬಲದಿಂದ. ಖಾಕಿ ಇಲ್ಲದ ಕೃಷ್ಣಾಳ ಅಣ್ಣ ಆ ಹೊಸ್ತಿಲ ಹತ್ತಿರ ಹೋಗಿದ್ದರೆ? ಕೇರಿಗೆ ಜೀಪು ಬಂದರೆ ಗಂಡಸರು ಹಿತ್ತಲಿನಿಂದ ಹೊಲಕ್ಕೆ ಓಡಿದ್ದನ್ನು ಕಂಡು ಬೆಳೆದವರು ನಾವು. ಈಗ ನಮ್ಮವಳೊಬ್ಬಳು ಜೀಪಿನಿಂದ ಇಳಿದರೆ ಹಿಗ್ಗಬೇಕೋ, ಹೆದರಬೇಕೋ? ಧಾರಾವಾಹಿ ಹಿಗ್ಗು ಅನ್ನುತ್ತದೆ. ನಮಗೆ ಎರಡೂ ಆಯಿತು.

ಅಂಜಲಿಯ ಸುತ್ತಲಿನ ಇಬ್ಬರು ಗಂಡಸರ ಬಗ್ಗೆ ಎರಡು ಮಾತು. ಠಾಣಾಧಿಕಾರಿ ದೇವಿಲಾಲ್ ಸಿಂಗ್ ನ್ಯಾಯವಂತ. ನಮ್ಮ ಬೆಂಗಳೂರಿನ ಗುಲ್ಶನ್ ದೇವಯ್ಯ ಈ ಪಾತ್ರವನ್ನು ಹದವಾಗಿ ಆಡಿದ್ದಾರೆ. ಮನೆಯಲ್ಲಿ ಹೆಂಡತಿಯ ಜೊತೆ ಜಗಳ ಆಡಿಯಾದರೂ ಮಗಳಿಗೆ ರೆಕ್ಕೆ ಕೊಡಬೇಕೆನ್ನುವ ಅಪ್ಪ ಅವನು. ಇನ್ನೊಬ್ಬ ಪಾರ್ಘಿ. ಬಡ್ತಿಯ ಆಸೆಗೆ, ಅಂಜಲಿಯ ಮೇಲಿನ ಹೊಟ್ಟೆಕಿಚ್ಚಿಗೆ ಅಡ್ಡದಾರಿ ಹಿಡಿದವನು. ಹೆಂಡತಿ ಬಸುರಿ ಎಂದರೆ ಇಂಥ ಲೋಕಕ್ಕೆ ಮಗು ಯಾಕೆ ಎಂದು ಹೆದರುವವನು. ತನಿಖೆ ನಡೆದಂತೆ ಅವನು ನಿಧಾನವಾಗಿ ಮನುಷ್ಯನಾಗುತ್ತಾನೆ. ಒಪ್ಪಬೇಕಾದದ್ದು ಏನೆಂದರೆ, ನಿಜವಾದ ಬೆಳವಣಿಗೆ ಕಾಣುವುದು ಪಾರ್ಘಿಯಲ್ಲಿ. ಅದು ಸರಿಯೂ ಹೌದು. ಬೆಳೆಯಬೇಕಾದವರು ಅವರೇ ತಾನೆ! ನಮ್ಮ ತಕರಾರು ಬೇರೆ. ಈ ಇಬ್ಬರಿಗೆ ಸಂಸಾರವಿದೆ, ಬಂಧುಬಳಗವಿದೆ. ಅಂಜಲಿಗೆ ಒಬ್ಬ ತಾಯಿ ಬಿಟ್ಟರೆ ಹಿಂದೆ ಯಾರೂ ಕಾಣುವುದಿಲ್ಲ. ಅವಳ ಓರಗೆಯ ಮೇಘವಾಲರು ಎಲ್ಲಿ? ಅವಳ ಅಪ್ಪನ ಜೊತೆ ಕೂತು ಹೆಸರಿನ ವಿಚಾರ ಮಾತಾಡಿದ ಇನ್ನೊಬ್ಬ ಅಪ್ಪ ಎಲ್ಲಿ? ರಾಜಸ್ಥಾನದಲ್ಲಿ ಬಾಬಾಸಾಹೇಬರ ಹೆಸರು ಹೇಳುವ ಸಂಘಗಳು ಇಲ್ಲವೆ? ಒಂದು ಜನಾಂಗದ ನೋವನ್ನು ಒಬ್ಬಳ ಮನಸ್ಸಿನ ಗಂಟು ಮಾಡಿ, ಒಳ್ಳೆಯ ಮೇಲಧಿಕಾರಿಯ ನೆರಳಿನಲ್ಲಿ ಅದನ್ನು ಬಿಚ್ಚಿಸಿದರೆ ನೋಡುವವನಿಗೆ ಸುಲಭ. ಅವನು ದೇವಿಲಾಲನ ಜಾಗದಲ್ಲಿ ಕೂತು ಹಾಯಾಗಿ ನೋಡಬಹುದು.

ಹೋಲಿಸಿ ನೋಡಲು 'ಪಾತಾಳ್ ಲೋಕ್' ಇದೆ, 2020ರದು. ಅದರ ಹಾಥಿರಾಮ್ ಚೌಧರಿಗೆ ದೊಡ್ಡ ಕೇಸು ಸಿಕ್ಕರೂ ಸತ್ಯದ ಹತ್ತಿರ ಹೋದಾಗ ಅಮಾನತು ಸಿಗುತ್ತದೆ. ಅವನ ಕೈಕೆಳಗಿನ ಇಮ್ರಾನ್ ಅನ್ಸಾರಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿರುವ ಹುಡುಗ. ಅವನ ಎದುರಿಗೇ ಸಹೋದ್ಯೋಗಿಗಳು ಅವನ ಜನರ ಬಗ್ಗೆ ಹೀನಾಯವಾಗಿ ಮಾತಾಡುತ್ತಾರೆ. ಅವನು ಕೇಳಿಸಿಕೊಳ್ಳುತ್ತಾನೆ, ಓದುತ್ತಾನೆ. 2025ರ ಜನವರಿಯಲ್ಲಿ ಬಂದ ಎರಡನೇ ಭಾಗದಲ್ಲಿ ಅದೇ ಅನ್ಸಾರಿ ಐ.ಪಿ.ಎಸ್. ಅಧಿಕಾರಿ, ಹಾಥಿರಾಮ್ ಇನ್ನೂ ಅದೇ ಇನ್ಸ್‌ಪೆಕ್ಟರ್. ಇಬ್ಬರ ನಡುವಿನ ಪ್ರೀತಿ, ಮುಜುಗರ, ಯಾರು ಯಾರಿಗೆ ಸಲ್ಯೂಟ್ ಎಂಬ ಸಂಕೋಚ ಬಹಳ ಚೆನ್ನಾಗಿ ಬಂದಿದೆ. ಮೇಲಕ್ಕೆ ಹೋದ ಹುಡುಗನನ್ನು ಕಂಡು ಹಳೆಯ ಸಾಹೇಬ ಹೊಟ್ಟೆಕಿಚ್ಚಿಲ್ಲದೆ ಹೆಮ್ಮೆಪಡುವುದು ನಮ್ಮ ಪರದೆಗೆ ಅಪರೂಪ. ಆಮೇಲೆ ಏನಾಯಿತು? ನಾಗಾಲ್ಯಾಂಡಿನ ಕೇಸಿನ ನಡುವೆಯೇ ಅನ್ಸಾರಿಯನ್ನು ಕೊಂದುಹಾಕಿದರು. ಕಥೆಗೆ ಅದು ಬೇಕಿತ್ತು ಎನ್ನಬಹುದು. ಏಣಿ ಹತ್ತಿದ ಅಲ್ಪಸಂಖ್ಯಾತ ಹುಡುಗ ಸತ್ತು, ಉಳಿದ ಹಾಥಿರಾಮನ ಮನಸ್ಸಿನ ಬೆಳವಣಿಗೆಗೆ ಗೊಬ್ಬರವಾದ. ನಮ್ಮ ಹೊಟ್ಟೆ ಉರಿದದ್ದು ಅದಕ್ಕೆ.

ಮನ್ನಣೆಯ ಮಾತು ಬಂದಾಗ ಪರದೆಯ ಹಿಂದಿನದನ್ನೂ ಕೇಳಬೇಕು. 'ದಹಾಡ್' ಬಂದ ಮೂರೇ ತಿಂಗಳಿಗೆ, 2023ರ ಆಗಸ್ಟಿನಲ್ಲಿ, ಇದೇ ಕಾಗ್ತಿ-ಅಖ್ತರ್ ಅವರ 'ಮೇಡ್ ಇನ್ ಹೆವನ್' ಎರಡನೇ ಭಾಗದಲ್ಲಿ ದಲಿತ ಮದುವಣಗಿತ್ತಿಯ ಒಂದು ಕಂತು ಬಂತು. ನಿರ್ದೇಶಿಸಿದವರು ನೀರಜ್ ಘೇವಾನ್, ಸ್ವತಃ ದಲಿತರು. ಜಾತಿ ಮುಚ್ಚಿಟ್ಟು ಬದುಕಿ ಆಮೇಲೆ ಬಹಿರಂಗವಾಗಿ ಹೇಳಿಕೊಂಡು 2019ರಲ್ಲಿ ಪುಸ್ತಕ ಬರೆದ ಯಾಶಿಕಾ ದತ್, ಅದು ತನ್ನ ಬದುಕಿನಿಂದ, ಬರಹದಿಂದ ತೆಗೆದದ್ದು, ತನ್ನ ಹೆಸರು ಹಾಕಿಲ್ಲ ಎಂದರು. ತಯಾರಕರು ಅದನ್ನು ಅಲ್ಲಗಳೆದರು. ತೀರ್ಪು ಕೊಡಲು ನಾವು ನ್ಯಾಯಾಲಯವಲ್ಲ. ಪ್ರಶ್ನೆ ಮಾತ್ರ ಉಳಿಯುತ್ತದೆ: ಹೆಸರು ವಾಪಸ್ ಪಡೆಯುವ ದಲಿತ ಹೆಣ್ಣಿನ ಕಥೆ ಪರದೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ವರ್ಷದಲ್ಲೇ, ಒಬ್ಬ ದಲಿತ ಹೆಣ್ಣು ತನ್ನ ಹೆಸರಿಗಾಗಿ ಹೊರಗೆ ನಿಂತು ಕೇಳಬೇಕಾಯಿತು. ಸೋನಾಕ್ಷಿ ಈ ಪಾತ್ರ ಯಾಕೆ ಮಾಡಿದಳು ಎಂದು ನಾವು ಜಗಳ ಆಡುವುದಿಲ್ಲ. ಬಿಗಿಯಾಗಿ, ಅತಿರೇಕವಿಲ್ಲದೆ ಮಾಡಿದ್ದಾಳೆ. ಬುಲೆಟ್ ಓಡಿಸುವಾಗಿನ ಅವಳ ಬೆನ್ನಿನ ನೇರ ನಮಗೆ ಹಿಡಿಸಿತು. ಆದರೆ ನಮ್ಮ ಹುಡುಗಿಯೊಬ್ಬಳಿಗೆ ಠಾಕೂರರ ಮಗಳ ಪಾತ್ರ ಕೊಡುವ ದಿನ ಬಂದಾಗ ತಿಳಿಸಿ, ಆಗ ಮಾತಾಡೋಣ.

ಕೊನೆಯಲ್ಲಿ ಕೊಲೆಗಾರ ಸಿಗುತ್ತಾನೆ. ಅಂಜಲಿ ತನ್ನ ಹೆಸರನ್ನು ಮತ್ತೆ ಮೇಘವಾಲ್ ಎಂದು ಬದಲಾಯಿಸಿಕೊಳ್ಳುತ್ತಾಳೆ. ಯಾರೂ ಅವಳಿಗೆ ಹೀಗೆ ಮಾಡು ಎಂದು ಹೇಳಿಕೊಡಲಿಲ್ಲ, ಪದಕದ ಜೊತೆ ಬಂದದ್ದೂ ಅಲ್ಲ. ಇಲಾಖೆಯ ಮನ್ನಣೆ ಎಷ್ಟೇ ಬಂದರೂ ತುಂಬದ ಜಾಗವೊಂದಿತ್ತು, ಅದನ್ನು ಅವಳೇ ತುಂಬಿಕೊಂಡಳು. ನಾವು ಇದನ್ನು ಮೆಚ್ಚಿದೆವು. ಅಪ್ಪ ಹೊದಿಸಿದ ಗೋಣಿಚೀಲವನ್ನು ಮಡಿಸಿಟ್ಟು ಮಳೆಯಲ್ಲೇ ನಿಲ್ಲುವ ಧೈರ್ಯ ಅದು.

ನಮ್ಮ ರೂಮಿನಲ್ಲಿ ಪಿ.ಎಸ್.ಐ. ಪರೀಕ್ಷೆಗೆ ಓದುವ ಗೆಳೆಯನೊಬ್ಬ ಇದ್ದಾನೆ. 2021ರ ಅಕ್ಟೋಬರಿನಲ್ಲಿ 545 ಹುದ್ದೆಗಳಿಗೆ ನಡೆದ ಪರೀಕ್ಷೆ ಬರೆದ. ಅಕ್ರಮದ ಕಾರಣಕ್ಕೆ ಅದು 2022ರಲ್ಲಿ ರದ್ದಾಯಿತು. 2024ರ ಜನವರಿಯ ಮರುಪರೀಕ್ಷೆಯನ್ನೂ ಬರೆದ. ಎರಡು ನಕ್ಷತ್ರದ ಬೆಲೆ ನಮಗಿಂತ ಅವನಿಗೆ ಚೆನ್ನಾಗಿ ಗೊತ್ತು. ಎಲ್ಲರೂ ಹೆಸರಿನ ವಿಚಾರ ಹೊಗಳುತ್ತಿದ್ದಾಗ ಅವನು ಮೊಬೈಲನ್ನು ಚಾರ್ಜಿಗೆ ಹಾಕುತ್ತಾ ಕೇಳಿದ: "ಹೆಸ್ರು ವಾಪಸ್ ತಗೊಂಡ್ಲು, ಸರಿ ಕಣ್ರಪ್ಪ. ಬೆಳಿಗ್ಗೆ ರೋಲ್‌ಕಾಲ್‌ನಲ್ಲಿ ಆ ಹೆಸ್ರು ಕೂಗಿದಾಗ ಊದಿನಕಡ್ಡಿಯವ್ನು ಏನ್ಮಾಡ್ತಾನೆ?"

ಧಾರಾವಾಹಿ ಆ ಬೆಳಿಗ್ಗೆಯ ತನಕ ಬರಲಿಲ್ಲ. ಎಂಟನೇ ಕಂತು ಮುಗಿದಿತ್ತು.